ಆರ್ಮರರನ ಪಾಲು

ಎಕೆ ರೈಫಲಿನ ಹಿಂದಿನ ಗುರಿಕಾಣಿಗೂ ನಳಿಗೆಯ ತುದಿಯ ಗುರಿಕಾಣಿಗೂ ನಡುವೆ 378 ಮಿಲಿಮೀಟರ್ ಅಂತರ. ತುದಿಯದನ್ನು ಸೈನ್ಯದಲ್ಲಿ ನಾವು ಫೋರ್‌ಸೈಟ್ ಎನ್ನುತ್ತೇವೆ. ಅದರ ಕಡ್ಡಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 100 ಮೀಟರ್ ದೂರದಲ್ಲಿ ಗುಂಡು 26 ಸೆಂಟಿಮೀಟರ್ ಆಚೆ ಬೀಳುತ್ತದೆ. 300 ಮೀಟರಿಗೆ ಅದು ಮುಕ್ಕಾಲು ಮೀಟರನ್ನು ದಾಟುತ್ತದೆ. ಒಬ್ಬನ ಎದೆಗೆ ಹೊರಟದ್ದು ಅವನ ಪಕ್ಕದಲ್ಲಿ ನಿಂತವನನ್ನು ಮುಟ್ಟಲು ಅಷ್ಟು ಸಾಕು. ಆ ಒಂದು ಮಿಲಿಮೀಟರನ್ನು ಕಾಯುವುದೇ ನನ್ನ ನೌಕರಿಯಾಗಿತ್ತು. ನಾನು ಸೈನ್ಯದ ದುರಸ್ತಿ ದಳವಾದ ಇ.ಎಂ.ಇ. ಕೋರಿನಲ್ಲಿ ಆರ್ಮರರ್ ಆಗಿದ್ದವನು. ಆರ್ಮರರ್ ಅಂದರೆ ಹತಾರ ದುರಸ್ತಿ ಮಾಡುವವ. ಗುಂಡು ಹಾರಿಸು ಎಂದು ಹೇಳುವವನಲ್ಲ, ಸಾಮಾನ್ಯವಾಗಿ ಹಾರಿಸುವವನೂ ಅಲ್ಲ. ಹಾರಿಸಿದ್ದು ಹೋಗಬೇಕಾದಲ್ಲಿಗೆ ಹೋಗುವಂತೆ ನೋಡಿಕೊಳ್ಳುವವ.

ನಾನು ಹುಟ್ಟಿದ್ದು ಚಿಕ್ಕೋಡಿ ಕಡೆಯ ಒಂದು ಹಳ್ಳಿಯಲ್ಲಿ, ಒಕ್ಕಲುತನದ ದಿಗಂಬರ ಜೈನರ ಮನೆಯಲ್ಲಿ. ಹೊತ್ತು ಮುಳುಗುವ ಮುಂಚೆ ಊಟ, ಸೋಸಿದ ನೀರು, ಅಷ್ಟಮಿ ಚತುರ್ದಶಿಗೆ ಅವ್ವನ ಉಪವಾಸ. ಅಂಥ ಮನೆಯ ಹುಡುಗ ಕೋತಿನಲ್ಲಿ, ಅಂದರೆ ಹತಾರಗಳನ್ನು ಇಡುವ ಕೋಣೆಯಲ್ಲಿ, ಎಣ್ಣೆಯ ಚಿಂದಿ ಹಿಡಿದು ಬದುಕು ಸವೆಸಿದ. ನಾನು ಸರಿಮಾಡಿಕೊಟ್ಟ ರೈಫಲಿನಿಂದ ಹೊರಟ ಗುಂಡಿನಲ್ಲಿ ನನ್ನ ಪಾಲೆಷ್ಟು ಎಂಬ ಪ್ರಶ್ನೆ ನನಗೆ ಪುಸ್ತಕ ಓದಿ ಬಂದದ್ದಲ್ಲ. ಉತ್ತರವನ್ನು ಮಾತ್ರ ಪುಸ್ತಕಗಳಲ್ಲಿ ಹುಡುಕಿದ್ದೇನೆ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ನಮ್ಮೂರ ಬಸ್ತಿಯಲ್ಲಿ ತತ್ತ್ವಾರ್ಥಸೂತ್ರದ ಪಾರಾಯಣ ನಡೆಯುತ್ತದೆ. ಹತ್ತು ದಿನಕ್ಕೆ ಹತ್ತು ಅಧ್ಯಾಯ. ಆರನೆಯ ದಿನದ್ದು ಆಸ್ರವದ ಅಧ್ಯಾಯ: ಕರ್ಮ ಜೀವದೊಳಕ್ಕೆ ಯಾವ ಯಾವ ಬಾಗಿಲಿಂದ ಹರಿದು ಬರುತ್ತದೆ ಎಂಬ ವಿಚಾರ. ಈ ಗ್ರಂಥಕ್ಕೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ ಪೂಜ್ಯಪಾದರು ನಮ್ಮ ಕನ್ನಡ ನಾಡಿನವರು. ಹಿಂಸೆಯ ಉಪಕರಣವನ್ನು ಕೈಗೆತ್ತಿಕೊಳ್ಳುವುದನ್ನೇ ಅವರು ಒಂದು ಕ್ರಿಯೆಯೆಂದು ಎಣಿಸುತ್ತಾರೆ. ಆ ಉಪಕರಣದಿಂದ ಮುಂದೆ ಏನಾಯಿತು ಎನ್ನುವುದು ಆಮೇಲಿನ ಮಾತು. ಎತ್ತಿಕೊಂಡದ್ದಕ್ಕೇ ಲೆಕ್ಕ ಶುರುವಾಗುತ್ತದೆ.

ಅದೇ ಅಧ್ಯಾಯದಲ್ಲಿ 108ರ ಲೆಕ್ಕ ಬರುತ್ತದೆ. ಒಂದು ಕೆಲಸಕ್ಕೆ ಮೂರು ಹಂತ: ಮಾಡಬೇಕೆಂದು ನಿಶ್ಚಯಿಸುವ ಸಂರಂಭ, ಅದಕ್ಕೆ ಬೇಕಾದ ಸಾಧನ ಸಿದ್ಧಮಾಡುವ ಸಮಾರಂಭ, ಕೆಲಸಕ್ಕೆ ಕೈಹಚ್ಚುವ ಆರಂಭ. ಪ್ರತಿಯೊಂದೂ ಮನಸ್ಸಿನಿಂದ, ಮಾತಿನಿಂದ, ದೇಹದಿಂದ. ಪ್ರತಿಯೊಂದನ್ನೂ ತಾನೇ ಮಾಡಬಹುದು, ಬೇರೆಯವರಿಂದ ಮಾಡಿಸಬಹುದು, ಮಾಡಿದ್ದಕ್ಕೆ ಹೂಂಗುಟ್ಟಬಹುದು. ಇವೆಲ್ಲದರ ಹಿಂದೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳಲ್ಲಿ ಒಂದಿರುತ್ತದೆ. ಮೂರು, ಮೂರು, ಮೂರು, ನಾಲ್ಕು: ಗುಣಿಸಿದರೆ 108. ಜಪಮಾಲೆಯ ಮಣಿಗಳು ಅಷ್ಟೇ ಇರುವುದಕ್ಕೆ ನಮ್ಮಲ್ಲಿ ಕೊಡುವ ಕಾರಣವೂ ಇದೇ. ಅವ್ವ ಆ ಮಣಿಗಳನ್ನು ಉರುಳಿಸುವಾಗ ಕರ್ಮದ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಾಳೆ ಎಂದು ಅಪ್ಪ ಹೇಳುತ್ತಿದ್ದ.

ನೌಕರಿಯಲ್ಲಿದ್ದಾಗ ನಾನು ನನ್ನನ್ನು ಈ ಲೆಕ್ಕದ ಅಂಚಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಹುಕುಂ ಕೊಟ್ಟವನು ಬೇರೆ, ಕುದುರೆ ಎಳೆದವನು ಬೇರೆ, ನಾನು ನಡುವೆ ಎಲ್ಲೋ ಒಬ್ಬ ಮಿಸ್ತ್ರಿ. ಆದರೆ ಲೆಕ್ಕ ನನಗೆ ಖಚಿತವಾದ ಒಂದು ಮಣಿಯನ್ನೇ ಇಟ್ಟಿದೆ. ಸಾಧನ ಸಿದ್ಧಮಾಡುವುದು ಸಮಾರಂಭ. ಅದನ್ನು ನಾನೇ ಮಾಡಿದ್ದೇನೆ, ಈ ಕೈಗಳಿಂದ ಮಾಡಿದ್ದೇನೆ. ಹಿಂದಿದ್ದ ಕಷಾಯ ಯಾವುದು? ಕ್ರೋಧ ಇರಲಿಲ್ಲ. ಎದುರಿಗಿದ್ದವನು ಯಾರೆಂದೇ ಗೊತ್ತಿಲ್ಲದವನಿಗೆ ಕೋಪ ಎಲ್ಲಿಂದ ಬರಬೇಕು? ಇದ್ದದ್ದು ಮಾನ, ಅಂದರೆ ಹೆಮ್ಮೆ. ನಾನು ಜೀರೋಯಿಂಗ್ ಮಾಡಿದ, ಅಂದರೆ ಗುರಿ ಕೂಡಿಸಿದ, ರೈಫಲಿನ ಗ್ರೂಪು, ಅಂದರೆ ಗುಂಡಿನ ತೂತುಗಳ ಗುಂಪು, ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕದಾಗಿ ಬಿದ್ದಾಗ ಎದೆ ಉಬ್ಬುತ್ತಿತ್ತು. ದೇಹದಿಂದ, ತಾನೇ, ಸಾಧನ ಸಿದ್ಧಮಾಡಿದ್ದು, ಮಾನದಿಂದ. 108ರಲ್ಲಿ ಇಷ್ಟು ಸ್ಪಷ್ಟವಾಗಿ ತನ್ನ ಹೆಸರು ಕಾಣುವ ಕಸುಬುಗಳು ಹೆಚ್ಚಿರಲಾರವು.

ಇನ್ನು ನಳಿಗೆಯ ತುದಿಯ ಎರಡು ಬಿಡಿಭಾಗಗಳ ವಿಷಯಕ್ಕೆ ಬರುತ್ತೇನೆ: ಒಂದು ಫೋರ್‌ಸೈಟ್, ಇನ್ನೊಂದು ಒದೆತ ತಗ್ಗಿಸುವ ಮಜಲ್ ಬ್ರೇಕ್. ಇವೆರಡನ್ನೂ ಒಟ್ಟಿಗೆ ಹಾಕಿದ ಒಂದು ರೈಫಲು ನನಗೆ ಹೇಳಿಕೊಟ್ಟದ್ದನ್ನು ಯಾವ ಪ್ರವಚನದಲ್ಲೂ ಕೇಳಿಲ್ಲ.

ಕಾಶ್ಮೀರದಲ್ಲಿದ್ದಾಗ ಗೋಕಾಕ ಕಡೆಯ ಒಬ್ಬ ಹುಡುಗನ ರೈಫಲು ನನ್ನ ಮೇಜಿಗೆ ಬಂತು. ಬಂಡೆಯ ಮೇಲೆ ಬಿದ್ದು ಫೋರ್‌ಸೈಟ್ ಕಡ್ಡಿ ಬಾಗಿತ್ತು, ನಳಿಗೆಯ ಬಾಯಿಗೆ ಹಾಕುವ ಓರೆ ಮುಖದ ತುಂಡೂ ನೆಗ್ಗಿತ್ತು. ಕಡ್ಡಿ ಹೊಸದು ಹಾಕಬೇಕು. ಬಾಯಿಯ ತುಂಡಿನ ಬದಲು ಯುನಿಟ್ಟಿಗೆ ಆಗಷ್ಟೇ ಬಂದಿದ್ದ ಎರಡು ಕೋಣೆಯ ಮಜಲ್ ಬ್ರೇಕ್ ಕೂರಿಸಬೇಕು. ಕೆಲಸ ದೊಡ್ಡದೇನಲ್ಲ. ಕಡ್ಡಿಗೆ ತಿರುಪು ಇರುತ್ತದೆ, ಅದರ ಕೀಲಿಯಿಂದ ಬಿಚ್ಚಿ ಹೊಸದನ್ನು ಇಳಿಸುತ್ತೇವೆ. ಬಾಯಿಯದು 14 ಮಿಲಿಮೀಟರಿನ ಉಲ್ಟಾ ತಿರುಪು, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಸ್ಪ್ರಿಂಗ್ ಪಿನ್ನು ಒತ್ತಿ ಹಿಡಿದು ತಿರುಗಿಸಿ, ಬ್ರೇಕಿನ ಕಚ್ಚು ಪಿನ್ನಿಗೆ ಕೂತಾಗ ಬಿಡಬೇಕು. ಬಾಯಿಯ ಮೇಲೆ ಭಾರ ಬದಲಾದರೆ, ಗಾಳಿಯ ದಾರಿ ಬದಲಾದರೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಹಾಗಾಗಿ ಮೊದಲು ಬ್ರೇಕು, ಆಮೇಲೆ ಜೀರೋಯಿಂಗ್.

ಫೋರ್‌ಸೈಟ್ ತಿದ್ದುವ ರೀತಿ ಹೊಸಬರಿಗೆ ತಲೆಗೆ ಹತ್ತುವುದಿಲ್ಲ. ಗುಂಡು ಎಡಕ್ಕೆ ಬೀಳುತ್ತಿದ್ದರೆ ಕಡ್ಡಿಯನ್ನು ಎಡಕ್ಕೇ ಸರಿಸಬೇಕು. ಮೇಲಕ್ಕೆ ಬೀಳುತ್ತಿದ್ದರೆ ಮೇಲಕ್ಕೇ ಎತ್ತಬೇಕು. ಒಂದು ಪೂರ್ತಿ ಸುತ್ತಿಗೆ 100 ಮೀಟರಿನಲ್ಲಿ 20 ಸೆಂಟಿಮೀಟರ್ ವ್ಯತ್ಯಾಸ. ಹಿಂದಿನ ಗುರಿಕಾಣಿಯನ್ನು ತಿದ್ದುವುದಾದರೆ ಸರಿ ಇರುವ ದಿಕ್ಕಿಗೆ ಸರಿಸಬೇಕು. ಮುಂದಿನದನ್ನು ತಪ್ಪು ಹೋದ ದಿಕ್ಕಿಗೇ ಒಯ್ಯಬೇಕು. ಹುಡುಗ ನಾಲ್ಕು ಗುಂಡು ಹಾರಿಸಿ ಏಳುವುದು, ನಾವು ಟಾರ್ಗೆಟ್ಟಿನವರೆಗೆ ನಡೆದು ಹೋಗಿ ತೂತುಗಳ ನಡುವನ್ನು ಗುರುತು ಮಾಡುವುದು, ಬಂದು ಕಡ್ಡಿ ತಿದ್ದುವುದು. ಇದರಲ್ಲಿ ಅವಸರಕ್ಕೆ ಜಾಗವಿಲ್ಲ.

ಕೊನೆಗೆ ಗ್ರೂಪು ಸರಿ ಬಂತು. ಹುಡುಗನಿಗೆ ಅದಕ್ಕಿಂತ ಬ್ರೇಕಿನ ಖುಷಿ ಹೆಚ್ಚಾಗಿತ್ತು.

"ಉಸ್ತಾದ್, ಹೆಗಲಿಗೆ ಬಡಿಯೂದೇ ಇಲ್ರಿ," ಎಂದ. "ಯಾರೋ ಬ್ಯಾರೇದವ್ರು ಹೊಡದಂಗ ಆಗತೈತಿ."

ಅವನ ಬಲಕ್ಕೆ ಮಲಗಿ ತನ್ನ ಸರದಿ ಕಾಯುತ್ತಿದ್ದ ಇನ್ನೊಬ್ಬ ಜವಾನ ಕಿವಿ ಒತ್ತಿಕೊಂಡು ಬೈಯುತ್ತಿದ್ದ.

ಆ ರೈಫಲಿನ ಗುಂಡಿನ ತೂಕ 7.9 ಗ್ರಾಂ. ಅದು ಸೆಕೆಂಡಿಗೆ ಸುಮಾರು 715 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಹಿಂದೆಯೇ ಮದ್ದಿನ ಗಾಳಿ ನುಗ್ಗುತ್ತದೆ. ಎರಡೂ ಮುಂದಕ್ಕೆ ಹೋದಷ್ಟು ರೈಫಲು ಹಿಂದಕ್ಕೆ ಒದೆಯಲೇಬೇಕು, ಇದು ನ್ಯೂಟನ್ನನ ನಿಯಮ. ಬ್ರೇಕು ಆ ಗಾಳಿಯನ್ನು ಹಿಡಿದು ಪಕ್ಕಗಳಿಗೆ ತಿರುಗಿಸುತ್ತದೆ. ತಿರುಗುವಾಗ ಗಾಳಿ ಬ್ರೇಕಿನ ಗೋಡೆಗೆ ಬಡಿದು ರೈಫಲನ್ನು ಮುಂದಕ್ಕೆ ಎಳೆಯುತ್ತದೆ, ಹೆಗಲಿನ ಒದೆತ ತಗ್ಗುತ್ತದೆ. ಹೊಡೆದವನಿಗೆ ಹಗುರವಾಯಿತು, ಅವನ ಪಕ್ಕದವನ ಕಿವಿಗೆ ಹೊಡೆತ ಹೆಚ್ಚಾಯಿತು. ಗುಂಡಿನ ಕಸುವಿನಲ್ಲಿ ಮಾತ್ರ ಏನೂ ಕಡಿಮೆಯಾಗಲಿಲ್ಲ.

ಅಂದಿನಿಂದ ಈ ಎರಡು ತುಂಡುಗಳನ್ನು ನಾನು ಒಂದೇ ತೂಕದಲ್ಲಿ ಇಟ್ಟು ನೋಡಿಲ್ಲ. ಎರಡೂ ಸಣ್ಣ ಕಬ್ಬಿಣದ ತುಂಡುಗಳು, ಎರಡೂ ನಳಿಗೆಯ ತುದಿಯಲ್ಲೇ ಇರುತ್ತವೆ, ಎರಡನ್ನೂ ಒಂದೇ ದಿನ ಒಂದೇ ಕೈ ಹಾಕುತ್ತದೆ. ಆದರೆ ಫೋರ್‌ಸೈಟ್ ಹೊಡೆಯುವವನನ್ನು ತಾನು ಮಾಡುತ್ತಿರುವುದಕ್ಕೆ ಬಿಗಿಯಾಗಿ ಕಟ್ಟುತ್ತದೆ. ಕಡ್ಡಿ ನೇರವಾಗಿದ್ದ ಮೇಲೆ ಗುಂಡು ಎಲ್ಲಿ ಹೋಯಿತೋ ಅದು ಅವನು ಕಳಿಸಿದ ಜಾಗ. ಗಾಳಿ, ಅದೃಷ್ಟ, ಹತಾರದ ದೋಷ ಎಂಬ ನೆಪಗಳು ಕಳಚಿ ಬೀಳುತ್ತವೆ. ಬ್ರೇಕು ಮಾಡುವುದು ಇದರ ಉಲ್ಟಾ. ಮಾಡಿದ್ದು ಮೈಗೆ ಗೊತ್ತಾಗದಂತೆ ಮಾಡುತ್ತದೆ.

ಫೋರ್‌ಸೈಟಿನ ಪರವಾಗಿ ಹೇಳಲು ನನಗೆ ನಮ್ಮ ಪುರಾಣದಲ್ಲೇ ಬೆಂಬಲವಿದೆ. ಭರತ, ಬಾಹುಬಲಿ ಇಬ್ಬರ ಸೈನ್ಯಗಳು ಎದುರುಬದುರು ನಿಂತಾಗ ಮಂತ್ರಿಗಳು ನಡುವೆ ಬಂದು ತಡೆದದ್ದನ್ನು ಜಿನಸೇನರೂ ಹೇಳುತ್ತಾರೆ, ಪಂಪನೂ ಹೇಳುತ್ತಾನೆ. ಅಣ್ಣತಮ್ಮಂದಿರಿಬ್ಬರೂ ಇದೇ ಜನ್ಮದಲ್ಲಿ ಮೋಕ್ಷಕ್ಕೆ ಹೋಗುವವರು, ಅವರಿಗೆ ಈ ಯುದ್ಧದಲ್ಲಿ ಸಾವಿಲ್ಲ. ಸಾಯುವುದು ಜಗಳಕ್ಕೆ ಸಂಬಂಧವೇ ಇಲ್ಲದ ಸೈನಿಕರು. ಆದ್ದರಿಂದ ಜಗಳ ಯಾರದೋ ಅವರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿ ತೀರಿಸಿಕೊಳ್ಳಲಿ ಎಂದರು. ಯುದ್ಧ ಬೇಡವೆಂದು ಅವರು ಹೇಳಲಿಲ್ಲ. ಹೇಳಿದರೂ ಯಾರೂ ಕೇಳುತ್ತಿರಲಿಲ್ಲ. ಹಿಂಸೆ ಹರಡದಂತೆ ಅದನ್ನು ಇಬ್ಬರಿಗೆ ಇಳಿಸಿದರು. ಬಾಗಿದ ಕಡ್ಡಿಯನ್ನು ತೆಗೆದು ನೇರವಾದದ್ದನ್ನು ಹಾಕುವಾಗ ಆ ಮಂತ್ರಿಗಳ ಕೆಲಸದ ಒಂದು ಅಂಶ ನನ್ನ ಕೈಯಲ್ಲೂ ಇದೆ ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಗುರಿಯಿಟ್ಟವನ ಆಚೆ ನಿಂತ ಹೆಂಗಸು, ಗೋಡೆಯ ಬದಿಯ ಕೂಸು, ಇವರಿಗೆ ನಾನು ಕೊಡಬೇಕಾದದ್ದು ನೇರವಾದ ಒಂದು ರೈಫಲು. ಹತಾರಗಳೇ ಇಲ್ಲದ ಲೋಕವನ್ನು ಕೊಡುವ ಶಕ್ತಿ ನನಗಿರಲಿಲ್ಲ.

ಈ ವಾದ ಇಲ್ಲಿಗೆ ನಿಲ್ಲಬೇಕು. ಇದನ್ನು ಮುಂದಕ್ಕೆ ಎಳೆದರೆ ಮೋಸ ಶುರುವಾಗುತ್ತದೆ. ನೇರವಾದ ಕಡ್ಡಿಗೆ ಎದುರಿರುವವನು ಯಾರೆಂದು ಗೊತ್ತಿಲ್ಲ. ನ್ಯಾಯವಂತನ ಕೈಯಲ್ಲೂ ಅದು ನೇರ, ಅನ್ಯಾಯವಂತನ ಕೈಯಲ್ಲೂ ನೇರ. ಬಾಹುಬಲಿಯ ಕಥೆ ಮಂತ್ರಿಗಳ ಉಪಾಯಕ್ಕೇ ಮುಗಿಯುವುದೂ ಇಲ್ಲ. ಮೂರೂ ಯುದ್ಧಗಳಲ್ಲಿ ಗೆದ್ದವನು, ಅಣ್ಣನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದವನು, ಕೆಳಗಿಳಿಸಿ ಎಲ್ಲವನ್ನೂ ಬಿಟ್ಟು ಕಾಡಿಗೆ ಹೋದ. ಹಿಂಸೆಯನ್ನು ಕಿರಿದು ಮಾಡುವುದಕ್ಕೂ ಅದನ್ನು ಬಿಡುವುದಕ್ಕೂ ನಡುವೆ ಇರುವ ದೂರ ನಾನು ದಾಟಿದ್ದಲ್ಲ.

ಬ್ರೇಕಿನ ವಿಷಯ ನನ್ನನ್ನು ಹೆಚ್ಚು ಕಾಡಿದೆ. ಏಕೆಂದರೆ ಅದು ರೈಫಲಿಗೆ ಮಾತ್ರ ಹಾಕುವ ವಸ್ತುವಲ್ಲವೆಂದು ನನಗೆ ಕಂಡಿತು.

ಎಕೆ ರೈಫಲನ್ನು ರೂಪಿಸಿದ ಮಿಖಾಯಿಲ್ ಕಲಾಶ್ನಿಕೋವ್ ಅವರ ಬದುಕಿನ ಕೊನೆಯ ಭಾಗ ಹೆಚ್ಚಿನವರಿಗೆ ಗೊತ್ತಿಲ್ಲ. 1941ರಲ್ಲಿ ಟ್ಯಾಂಕ್ ದಳದ ಸಾರ್ಜೆಂಟ್ ಆಗಿ ಜರ್ಮನರ ವಿರುದ್ಧ ಹೋರಾಡುತ್ತ ಗಾಯಗೊಂಡ ಮನುಷ್ಯ. ತನ್ನ ದೇಶದ ಗಡಿ ಕಾಯಲು ಈ ಹತಾರ ಮಾಡಿದೆ, ಅದು ಎಲ್ಲೆಲ್ಲಿಗೋ ಹೋದದ್ದಕ್ಕೆ ಹೊಣೆ ರಾಜಕಾರಣಿಗಳದು, ತಾನು ಚೆನ್ನಾಗಿ ನಿದ್ದೆ ಮಾಡುತ್ತೇನೆ ಎಂದು ವರ್ಷಗಟ್ಟಲೆ ಹೇಳುತ್ತ ಬಂದವರು. ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರೇ ರಷ್ಯದ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ ಕಿರಿಲ್ ಅವರಿಗೆ ಪತ್ರ ಬರೆದರು. ತನ್ನ ರೈಫಲು ಜನರ ಪ್ರಾಣ ತೆಗೆದಿರುವಾಗ, ಅವರು ಶತ್ರುಗಳೇ ಆಗಿದ್ದರೂ, ಆ ಸಾವುಗಳ ದೋಷ ತನಗೂ ತಟ್ಟುತ್ತದೆಯೇ ಎಂದು ಕೇಳಿದರು. ಈ ಪ್ರಶ್ನೆಯ ನೋವು ತಡೆಯಲಾಗುತ್ತಿಲ್ಲ ಎಂದರು. 2013ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮುಂದಿನ ತಿಂಗಳು ಇಜ್ವೆಸ್ತಿಯಾ ಪತ್ರಿಕೆ ಪತ್ರವನ್ನು ಪ್ರಕಟಿಸಿತು. ಹತಾರ ತಾಯ್ನಾಡಿನ ರಕ್ಷಣೆಗೆ ಇರುವಾಗ ಅದನ್ನು ಮಾಡಿದವರನ್ನೂ ಹಿಡಿದ ಸೈನಿಕರನ್ನೂ ಚರ್ಚು ಬೆಂಬಲಿಸುತ್ತದೆ ಎಂದು ಕಿರಿಲ್ ಅವರ ಪತ್ರಿಕಾ ಕಾರ್ಯದರ್ಶಿ ವಿವರಿಸಿದರು.

ಆ ಉತ್ತರ ಓದಿದಾಗ ನನಗೆ ಗೋಕಾಕದ ಹುಡುಗನ ಮಾತು ನೆನಪಾಯಿತು. ಮುದುಕನ ಹೆಗಲಿಗೆ ಅಷ್ಟು ವರ್ಷಗಳಾದ ಮೇಲೆ ಒದೆತ ಬಂದು ತಾಗಿದೆ. ಅದನ್ನು ಅವರು ಸರಿಯಾಗಿಯೇ ಅನುಭವಿಸಿದ್ದಾರೆ. ಉತ್ತರ ಕೊಟ್ಟವರು ಆ ಒದೆತವನ್ನು ಪಕ್ಕಕ್ಕೆ ತಿರುಗಿಸಿದರು.

ಇದು ಆ ಚರ್ಚಿನ ಮೇಲಿನ ದೂರಲ್ಲ. ನಮ್ಮಲ್ಲೂ ಅದೇ ಇದೆ. ಹಿಂಸೆಯಲ್ಲಿ ನಾಲ್ಕು ಬಗೆ ಎನ್ನುತ್ತಾರೆ: ಬೇಕೆಂದೇ ಮಾಡುವ ಸಂಕಲ್ಪೀ, ಮನೆಗೆಲಸದಲ್ಲಿ ಆಗುವ ಆರಂಭೀ, ಹೊಟ್ಟೆಪಾಡಿನಲ್ಲಿ ಆಗುವ ಉದ್ಯೋಗೀ, ಮೇಲೆ ಬಿದ್ದವರನ್ನು ತಡೆಯುವಾಗ ಆಗುವ ವಿರೋಧೀ. ಶ್ರಾವಕನಾದವನು, ಅಂದರೆ ಜೈನ ಗೃಹಸ್ಥ, ಬಿಡಲೇಬೇಕಾದದ್ದು ಮೊದಲನೆಯದನ್ನು ಮಾತ್ರ. ರಜೆಯಲ್ಲಿ ಊರಿಗೆ ಬಂದಾಗ ಹಿರಿಯರು ಬೆನ್ನು ಸವರಿ ಇದನ್ನೇ ಹೇಳುತ್ತಿದ್ದರು. ಗಂಗರ ದಂಡನಾಯಕ ಚಾವುಂಡರಾಯ ರಣದಲ್ಲಿ ಗೆದ್ದ ಬಿರುದುಗಳನ್ನೂ ಹೊತ್ತ, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನೂ ನಿಲ್ಲಿಸಿದ, ನಿನಗೇನು ಚಿಂತೆ? ಅವರ ಪ್ರೀತಿ ನನಗೆ ಗೊತ್ತು. ಆ ವಿಂಗಡಣೆಯೂ ಸುಳ್ಳಲ್ಲ. ಬೇಕೆಂದು ಕೊಲ್ಲುವವನಿಗೂ ಕಾವಲು ನಿಂತವನಿಗೂ ವ್ಯತ್ಯಾಸವೇ ಇಲ್ಲ ಎನ್ನುವವರು ಕಾವಲಿನ ರಾತ್ರಿಯನ್ನು ಕಂಡವರಲ್ಲ. ಆದರೆ ವಿಂಗಡಿಸಿದ ನಾಲ್ಕಕ್ಕೂ ಹಿಂಸೆ ಎಂಬ ಹೆಸರನ್ನು ಶಾಸ್ತ್ರ ಉಳಿಸಿಕೊಂಡಿದೆ. ತಗ್ಗಿಸಿದೆ, ಅಳಿಸಿಲ್ಲ. ಬೆನ್ನು ಸವರುವ ಕೈ ಅಳಿಸಿಬಿಡುತ್ತದೆ.

ಸಮಂತಭದ್ರರ ರತ್ನಕರಂಡಕದಲ್ಲಿ, ಕಾರಣವಿಲ್ಲದೆ ಇನ್ನೊಬ್ಬರ ಕೈಗೆ ಕೊಡಬಾರದ ಕೊಲೆಯ ಸಾಧನಗಳ ಒಂದು ಸಾಲು ಬರುತ್ತದೆ. ಕೊಡಲಿ, ಕತ್ತಿ, ಬೆಂಕಿ, ವಿಷ, ಸಂಕೋಲೆ ಇವುಗಳ ಜೊತೆ ಗುದ್ದಲಿಯೂ ಇದೆ. ಇದನ್ನು ಮೊದಲು ಕೇಳಿದಾಗ ನನ್ನ ಅಪ್ಪ ಒಂದೂ ಮಾತಾಡದೆ ಎದ್ದು ಹೋಗಿ, ಆ ಸಂಜೆ ಹೊಲದಲ್ಲಿ ಗುದ್ದಲಿ ಹಾಕುವ ಮುಂಚೆ ಮಣ್ಣನ್ನು ಕೈಯಿಂದ ಕೆದರಿ ಎರೆಹುಳ ಸರಿಸಿದ. ಒಕ್ಕಲುತನ ಬಿಡಲಿಲ್ಲ, ಬಿಟ್ಟರೆ ನಾವು ಉಣ್ಣುವುದೇನು? ಒದೆತವನ್ನು ಮೈಮೇಲೆ ತೆಗೆದುಕೊಂಡ, ಅಷ್ಟೆ. ಪ್ರವಚನಗಳಿಗಿಂತ ನನಗೆ ಅಪ್ಪನ ಆ ಸಂಜೆಯ ಮೇಲೆ ಭರವಸೆ ಹೆಚ್ಚು.

ಕಾಗದದ ಟಾರ್ಗೆಟ್ಟಿಗೆ ಹೊಡೆಯುವುದರಲ್ಲಿ ಏನಿದೆ ಎಂದು ಕೇಳುವವರೂ ಇದ್ದಾರೆ. ಫಿಗರ್ 11 ಎಂಬ ಟಾರ್ಗೆಟ್ಟಿನಲ್ಲಿ ಮೈಮೇಲೆ ಏರಿಬರುವ ಮನುಷ್ಯನ ಆಕೃತಿ ಇರುತ್ತದೆ. ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ರಾಜ ಯಶೋಧರ, ಜೀವಂತ ಕೋಳಿಯನ್ನು ಕೊಲ್ಲಲು ಮನಸ್ಸಿಲ್ಲದೆ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿ ಕೊಡುತ್ತಾನೆ. ಕತ್ತರಿಸಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಚಿಕ್ಕಂದಿನಲ್ಲಿ ಈ ಶಿಕ್ಷೆ ಅತಿಯಾಯಿತು ಎನಿಸುತ್ತಿತ್ತು. ರೇಂಜಿನಲ್ಲಿ ಕಾಗದದ ಮನುಷ್ಯನ ಎದೆಯ ತೂತುಗಳನ್ನು ಎಣಿಸಿ ಶಾಬಾಸ್ ಎಂದವನಿಗೆ ಹಾಗೆ ಅನಿಸುವುದಿಲ್ಲ. ಹಿಟ್ಟಾದರೂ ಕಾಗದವಾದರೂ ಅಲ್ಲಿ ಕೈ ಪಳಗುತ್ತದೆ. ಪಳಗಿಸಿದವನು ನಾನೂ ಹೌದು.

ನಿವೃತ್ತಿಯಾದ ಮೇಲೆ ಸಂಜೆ ಪ್ರತಿಕ್ರಮಣಕ್ಕೆ, ಅಂದರೆ ಆದ ತಪ್ಪುಗಳನ್ನು ನೆನೆದು ಕ್ಷಮೆ ಕೇಳಲು, ಕೂತಾಗ ನಾನು ರೈಫಲುಗಳನ್ನು ನೆನೆಯುತ್ತೇನೆ. ಸೈನ್ಯದಲ್ಲಿ ಪ್ರತಿ ಹತಾರಕ್ಕೂ ಬಟ್ ನಂಬರ್ ಇರುತ್ತದೆ, ಎಷ್ಟೋ ನಂಬರುಗಳು ಇನ್ನೂ ಬಾಯಲ್ಲಿವೆ. ಎದುರು ನಿಂತವರ ಹೆಸರು ಗೊತ್ತಿಲ್ಲದ್ದರಿಂದ ಈ ನಂಬರುಗಳನ್ನು ಹಿಡಿದೇ ಕ್ಷಮೆ ಕೇಳುತ್ತೇನೆ. ಗುಂಡು ಹೋದ ಕಡೆಗೇ ಕಡ್ಡಿಯನ್ನು ಒಯ್ಯಬೇಕು ಎಂದು ಕಲಿತ ಕೈ ನನ್ನದು. ಮನಸ್ಸನ್ನು ಒಯ್ಯಲೂ ನನಗೆ ಬೇರೆ ದಾರಿ ಗೊತ್ತಿಲ್ಲ.

ನಮ್ಮ ಬಸ್ತಿಯ ಪಂಡಿತರು ಇದನ್ನು ಒಪ್ಪುವುದಿಲ್ಲ. "ಹವಾಲ್ದಾರ್ರ, ಹಿಂದಿಂದನ್ನ ಹಿಡಕೊಂಡು ಕೊರಗೂದೂ ಆರ್ತಧ್ಯಾನನ. ಅದರಿಂದನೂ ಕರ್ಮ ಕಟ್ಟತೈತಿ. ಆಲೋಚನಾ ಮಾಡ್ರಿ, ತಪ್ಪು ಒಪ್ಪಿಕೊಳ್ರಿ, ಬಿಟ್ಟುಬಿಡ್ರಿ," ಎನ್ನುತ್ತಾರೆ. ಅವರು ಓದಿದವರು, ಮಾತಿನಲ್ಲಿ ಸತ್ಯವಿದೆ. ನಾನು ಕೊರಗುತ್ತಿಲ್ಲ ಎಂದು ಅವರಿಗೆ ಹೇಳುತ್ತೇನೆ. ಮತ್ತೆ ಆ ಮೇಜಿನ ಮುಂದೆ ಕೂರಿಸಿದರೆ ಬಾಗಿದ ಕಡ್ಡಿಯನ್ನು ಬಾಗಿದಂತೆಯೇ ಬಿಟ್ಟು ಏಳಲಾರೆ. ಮಾಡುತ್ತೇನೆ, ಮಾಡಿದ್ದನ್ನು ನನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತೇನೆ. ಹಾಗೆ ಬರೆದುಕೊಳ್ಳುವುದರಲ್ಲಿ ಮತ್ತೆ ಮಾನ ಸೇರಿಲ್ಲವೇ ಎಂದು ಅವರು ಹೋದ ವರ್ಷ ತಿರುಗಿ ಕೇಳಿದರು. ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.